ಸೊಂಟ ಬಿಗಿದು ಕೆಡಿಸಿದ ಜಾಕೆಟ್

ಕಳೆದ ವರ್ಷ ಗ್ರಾಹಕಿಯೊಬ್ಬರು ಒಂದು ಚಿತ್ರ ತಂದು ನನ್ನ ಕಟಿಂಗ್ ಟೇಬಲ್ ಮೇಲಿಟ್ಟರು. ಫ್ರಾನ್ಸಿನ ವಸ್ತ್ರವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಅವರ 'ಬಾರ್' ಸೂಟ್: ತಿಳಿಬಣ್ಣದ ರೇಷ್ಮೆ ಜಾಕೆಟ್, ಕೆಳಗೆ ನೆರಿಗೆಯ ಕಪ್ಪು ಉಣ್ಣೆ ಸ್ಕರ್ಟ್. "ಸೊಂಟ ಇಷ್ಟೇ ಸಣ್ಣಗೆ ಕಾಣಬೇಕು ಮಾಸ್ಟರ್" ಅಂದರು.

ಅವರ ಸೊಂಟ 29 ಇಂಚು. ನಾನು 28ಕ್ಕೇ ಕತ್ತರಿಸಿದೆ, ಅದೂ ನೇರವಾಗಿ ರೇಷ್ಮೆಯ ಮೇಲೇ. ಟ್ರಯಲ್ ದಿನ ಗುಂಡಿಯನ್ನು ಹೇಗೋ ಹಾಕಿದ್ದಾಯಿತು. ಕೂತಾಗ ಹೊಲಿಗೆ ಜಗ್ಗಿತು, ಅವರಿಗೆ ಉಸಿರು ಕಟ್ಟಿತು. ಅಷ್ಟಾದರೂ ಚಿತ್ರದ ಸೊಂಟ ಬಂದಿರಲಿಲ್ಲ. ಬಿಚ್ಚಿ ಸರಿಮಾಡಲು ಒಳಗೆ ಮಾರ್ಜಿನ್ನೂ ಇರಲಿಲ್ಲ. ಹೊಸ ಬಟ್ಟೆ ನನ್ನ ಖರ್ಚಿನಲ್ಲೇ ತಂದೆ.

ಆ ರಾತ್ರಿ ಚಿತ್ರವನ್ನು ಮತ್ತೆ ನೋಡಿದೆ. ಭುಜ ಮೆತ್ತಗೆ ಇಳಿದಿದೆ. ಸೊಂಟದ ಕೆಳಗೆ ಜಾಕೆಟ್ ದುಂಡಗೆ ಅರಳಿದೆ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಬಟ್ಟೆಗೇ ಬರ. ಚೌಕ ಭುಜ, ಕಡಿಮೆ ಬಟ್ಟೆಯ ಗಿಡ್ಡ ಸ್ಕರ್ಟು. 1947ರ ಫೆಬ್ರವರಿ 12ರಂದು ಪ್ಯಾರಿಸ್ಸಿನಲ್ಲಿ ಡಿಯೋರ್ ಅದನ್ನು ತಿರುಗಿಸಿಬಿಟ್ಟರು. ಆ ವಿನ್ಯಾಸಕ್ಕೆ ಅವರಿಟ್ಟ ಹೆಸರು 'ಕೊರೊಲ್', ಅಂದರೆ ಹೂವಿನ ದಳಗಳ ಸುತ್ತು. ಸೊಂಟ ಬಿಗಿಯುವ ಒಳಉಡುಪು ಅಲ್ಲಿ ಇತ್ತು, ನಿಜ. ಆದರೆ ಜಾಕೆಟ್ಟಿನೊಳಗೆ ಪೃಷ್ಠದ ಬಳಿ ಪ್ಯಾಡೂ ಇತ್ತು. ಕೆಳಗಿನ ಆ ಅಗಲದಿಂದಲೇ ಸೊಂಟ ಇನ್ನಷ್ಟು ಸಣ್ಣಗೆ ಕಾಣುವುದು. ನಾನು ಸೊಂಟವನ್ನಷ್ಟೇ ನೋಡಿದ್ದೆ.

ನನಗೆ ಹೆಚ್ಚು ನಾಟಿದ್ದು ಇನ್ನೊಂದು ವಿಷಯ. 1930ರ ದಶಕದಲ್ಲಿ ಸ್ಕೆಚ್ ಮಾರಿಯೇ ಬದುಕಿದ್ದವರು ಡಿಯೋರ್. ಅಂಥವರ ಚಿತ್ರವೂ ನೇರವಾಗಿ ದುಬಾರಿ ಬಟ್ಟೆಗೆ ಹೋಗುತ್ತಿರಲಿಲ್ಲ. ಡಿಯೋರ್ ಅವರ ಹೊಲಿಗೆ ವಿಭಾಗ ನೋಡಿಕೊಳ್ಳುತ್ತಿದ್ದ ಮಾರ್ಗರೀಟ್ ಕಾರೆ ಅವರ ಉಸ್ತುವಾರಿಯಲ್ಲಿ ಮೊದಲು ಬಿಳಿ ಹತ್ತಿ ಬಟ್ಟೆಯಲ್ಲಿ ಮಾದರಿ ಹೊಲಿದು, ತಿದ್ದಿ, ಆಮೇಲೆ ಅಸಲಿ ಬಟ್ಟೆಗೆ ಕತ್ತರಿ. ಆ ಹೆಜ್ಜೆಯನ್ನು ನಾನು ಅನುಭವದ ಧೈರ್ಯದಲ್ಲಿ ಬಿಟ್ಟಿದ್ದೆ.

ಎರಡನೇ ಸಲ ಕೋರಾ ಬಟ್ಟೆಯಲ್ಲೇ ಶುರು. ಸೊಂಟ 30 ಇಂಚು ಇಟ್ಟೆ. ಪ್ಯಾಡಿಗೆ ಹತ್ತಿ ಪದರ ಹಾಕಿದಾಗ ಅದರ ಅಂಚು ಮೆಟ್ಟಿಲಿನಂತೆ ಹೊರಗೆ ಎದ್ದು ಕಂಡಿತು. ಬಿಚ್ಚಿ, ಪ್ರತಿ ಪದರವನ್ನೂ ಕೆಳಗಿನದಕ್ಕಿಂತ ಅರ್ಧ ಇಂಚು ಸಣ್ಣ ಮಾಡಿದೆ. ಅಂಚನ್ನು ಕತ್ತರಿಯಲ್ಲಿ ಕತ್ತರಿಸದೆ ಕೈಯಲ್ಲೇ ಎಳೆದು ತೆಳುಮಾಡಿದೆ. ಲೈನಿಂಗ್ ಹಿಂದೆ ಸಡಿಲವಾಗಿ ಕೈಹೊಲಿಗೆ ಹಾಕಿದಾಗ ಬಟ್ಟೆ ಸೊಂಟದಿಂದ ಒಂದೇ ಉಸಿರಿಗೆ ಇಳಿದಂತೆ ನಿಂತಿತು. ಆ ಸಂಜೆಯ ಸಂತೋಷ ಇನ್ನೂ ನೆನಪಿದೆ.

ಕೊನೆಯ ಟ್ರಯಲ್‌ನಲ್ಲಿ ಅವರು ಸ್ಟೂಲಿನ ಮೇಲೆ ಕೂತು, ಬಗ್ಗಿ ಚಪ್ಪಲಿ ಪಟ್ಟಿ ಹಾಕಿಕೊಂಡರು. ಗುಂಡಿ ಜಗ್ಗಲಿಲ್ಲ. "ಈ ಸಲ ಎಷ್ಟು ಇಂಚು ಕಡಿಮೆ ಮಾಡಿದ್ರಿ ಮಾಸ್ಟರ್?" ಅಂತ ಕನ್ನಡಿ ನೋಡುತ್ತಲೇ ಕೇಳಿದರು.