ಮೇ ಹೂವಿನ ಕುಂಡ ಬದಲಿಸಿದ್ದು

10 ಮಾರ್ಚ್ 2024, ಭಾನುವಾರ
ಬೆಂಗಳೂರು

ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಮೊನ್ನೆ ಪ್ರಕಟಿಸಿದ ಮೇಲೆ ನಮ್ಮ ತಾರಸಿಯ ಗಿಡಗಳಿಗೆ ಅಕ್ಕಿ ತೊಳೆದ ನೀರೇ ಗತಿಯಾಗಿದೆ. ಅದರ ಹಂಗೂ ಇಲ್ಲದೆ ಕುಳಿತಿರುವುದು, ಗೆಡ್ಡೆಯಿಂದ ಚಿಗುರಿ ಕೆಂಪು ಚೆಂಡಿನಂತೆ ಅರಳುವ ಮೇ ಹೂವಿನ ಕುಂಡವೊಂದೇ. ಡಿಸೆಂಬರಿನಲ್ಲಿ ಎಲೆಗಳು ಹಳದಿಯಾಗಿ ಬಿದ್ದಂದಿನಿಂದ ಅದಕ್ಕೆ ನಾನು ನೀರು ಹಾಕಿಲ್ಲ. ಆದರೆ ಒಳಗಿನ ಗೆಡ್ಡೆಗಳು ಒತ್ತರಿಸಿ ಪ್ಲಾಸ್ಟಿಕ್ ಕುಂಡ ಉಬ್ಬಿ, ಅಂಚಿನಿಂದ ಬುಡದವರೆಗೆ ಬಿರುಕು ಬಿಟ್ಟಿದ್ದರಿಂದ, ಚಿಗುರುವ ಮೊದಲೇ ಅವನ್ನು ಬೇರೆ ಕುಂಡಕ್ಕೆ ಸಾಗಿಸುವುದೆಂದು ನಿಶ್ಚಯಿಸಿ ಬೆಳಗ್ಗೆಯೇ ಕುಳಿತೆ.

ಕುಂಡವನ್ನು ಸೀಳಿ ಮಣ್ಣುಂಡೆಯನ್ನು ಮೊರದ ಮೇಲಿಟ್ಟು, ಹೆಂಟೆಗಳನ್ನು ಬೆರಳಿನಲ್ಲೇ ಪುಡಿಮಾಡುತ್ತ ಹೋದಾಗ ಮೂರು ದೊಡ್ಡ ಗೆಡ್ಡೆಗಳೂ ನಾಲ್ಕು ಮರಿಗಳೂ ಸಿಕ್ಕವು. ಮೇಲೆ ಒಂದು ಎಲೆಯೂ ಇಲ್ಲದಿದ್ದರೂ ಕೆಳಗೆ ಶಾವಿಗೆಗಿಂತ ದಪ್ಪನೆಯ ಬಿಳಿ ಬೇರುಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು, ಒತ್ತಿದರೆ ಗಟ್ಟಿಯಾಗಿದ್ದವು. ಕಂದುಬಣ್ಣಕ್ಕೆ ತಿರುಗಿದ್ದ ಒಂದೆರಡನ್ನು ಮೆಲ್ಲನೆ ಎಳೆದಾಗ ಸಿಪ್ಪೆ ಕೈಗೆ ಬಂದು ನಡುವಿನ ನಾರು ಮಾತ್ರ ಉಳಿಯಿತು. ಅವು ಸತ್ತ ಬೇರುಗಳು. ಅವನ್ನಷ್ಟೇ ಕತ್ತರಿಸಿದೆ.

ಮೊರವನ್ನು ಕಂಡ ಅತ್ತೆಯವರು, “ಈರುಳ್ಳಿ ಇಷ್ಟು ಬೇರು ಬಿಟ್ಟಮೇಲೆ ಸಾರಿಗೆ ಬರುವುದಿಲ್ಲಮ್ಮಾ” ಎಂದರು. ಮೇ ಹೂವಿನ ಗೆಡ್ಡೆಯಲ್ಲಿ ಲೈಕೊರಿನ್ ಎಂಬ ವಿಷವಿರುವುದರಿಂದ ಮೊರವನ್ನು ಅಡುಗೆಮನೆಯ ಕಡೆಗೆ ಒಯ್ಯಲೇ ಇಲ್ಲ.

ಐದು ವರ್ಷಗಳ ಹಿಂದೆ, ಮೇ ಹೂವೂ ಗ್ಲಾಡಿಯೋಲಸ್ ಎಂಬ ಇನ್ನೊಂದು ಗೆಡ್ಡೆಯ ಹೂಗಿಡದಂತೆಯೇ ಎಂದುಕೊಂಡು ಇದೇ ಕೆಲಸದಲ್ಲಿ ನಾನು ತಪ್ಪಿದ್ದೆ. ಗ್ಲಾಡಿಯೋಲಸ್‌ನಲ್ಲಿ ಹಳೆಯ ಗೆಡ್ಡೆ ಸುಕ್ಕಿ ಅದರ ಮೇಲೆ ಪ್ರತಿವರ್ಷವೂ ಹೊಸದು ಕಟ್ಟುತ್ತದೆ. ಹಳೆಯದನ್ನೂ ಬೇರನ್ನೂ ಕಿತ್ತು ಒಣಗಿಸಿಟ್ಟರೆ ಬಾಧೆಯಿಲ್ಲ. ಆಫ್ರಿಕಾ ಮೂಲದ ಮೇ ಹೂವಿನ ಬೇರುಗಳಾದರೋ ಎಲೆ ಬಿದ್ದ ಮೇಲೂ ಬದುಕಿದ್ದು, ಮಳೆ ಬಿದ್ದೊಡನೆ ಕೆಲಸಕ್ಕೆ ತೊಡಗುತ್ತವೆ. ಇದನ್ನರಿಯದೆ ನಾನು ಅವನ್ನೆಲ್ಲ ಒಪ್ಪವಾಗಿ ಕತ್ತರಿಸಿ, ಗೆಡ್ಡೆಗಳನ್ನು ಕಾಗದದ ಚೀಲದಲ್ಲಿ ಕಟ್ಟಿಟ್ಟಿದ್ದೆ. ಆ ವರ್ಷ ಬಡಕಲು ಎಲೆಗಳೆರಡು ಬಂದವೇ ಹೊರತು ಹೂವಿನ ಕೆಂಪು ಚೆಂಡು ಕಾಣಲೇ ಇಲ್ಲ.

ಈ ಸಲ ಹತ್ತು ಇಂಚಿನ ಮಣ್ಣಿನ ಕುಂಡ ತೆಗೆದುಕೊಂಡು, ತೂತಿನ ಮೇಲೆ ಹೆಂಚಿನ ಚೂರಿಟ್ಟು, ಎರಡು ಪಾಲು ಕೆಮ್ಮಣ್ಣಿಗೆ ಒಂದೊಂದು ಪಾಲು ಮರಳು, ಹಳೆಯ ಎಲೆಗೊಬ್ಬರ ಹಾಗೂ ಹಿಡಿಯಷ್ಟು ಬೇವಿನ ಹಿಂಡಿ ಬೆರೆಸಿದೆ. ನಡುವೆ ಮಣ್ಣನ್ನು ಗುಪ್ಪೆ ಮಾಡಿ, ಗೆಡ್ಡೆಗಳನ್ನು ಅದರ ಮೇಲೆ ಕೂರಿಸಿ, ಬೇರುಗಳನ್ನು ಸುತ್ತಲೂ ಇಳಿಬಿಟ್ಟೆ. ಹೆಬ್ಬೆರಳಿನಿಂದ ಅದುಮಿದರೆ ಬೇರು ಲಟಕ್ಕನೆ ಮುರಿಯುವುದರಿಂದ ಒಣಮಣ್ಣನ್ನು ಸುರಿದು ಕುಂಡದ ಬದಿಯನ್ನು ತಟ್ಟುತ್ತ ಸಂದುಗಳನ್ನು ತುಂಬಿಸಿ, ಗೆಡ್ಡೆಯ ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಬಂದಾಗ ನಿಲ್ಲಿಸಿದೆ. ನೀರು ಹಾಕಲಿಲ್ಲ. ಎಲ್ಲಾದರೂ ಬೇರಿಗೆ ಗಾಯವಾಗಿದ್ದರೆ ಅದು ಮೊದಲು ಒಣಗಬೇಕು. ಕುತ್ತಿಗೆಯಲ್ಲಿ ಮೊಳಕೆಯ ತುದಿ ಕಂಡ ಮೇಲೆ ನೀರು ಕೊಟ್ಟರೆ ಸಾಕು.

ಕುಂಡವನ್ನು ಮೆಟ್ಟಿಲ ಕೆಳಗಿನ ನೆರಳಿಗೆ ಸರಿಸಿ, ಖಾಲಿಯಿದೆಯೆಂದು ಮನೆಯವರು ಯಾರಾದರೂ ಪುದೀನ ಕಡ್ಡಿ ಚುಚ್ಚಿಯಾರೆಂಬ ಭಯದಿಂದ, ಐಸ್‌ಕ್ರೀಮ್ ಕಡ್ಡಿಯ ಮೇಲೆ ‘ಒಳಗೆ ಏಳು ಗೆಡ್ಡೆ’ ಎಂದು ಬರೆದು ಅಂಚಿನಲ್ಲಿ ನೆಟ್ಟಿದ್ದೇನೆ.