ಲೂವ್ರ್‌ಗೆ ಹೊರಟಿದ್ದೀರಾ? ಮೊದಲು ನೆಲಮಾಳಿಗೆಗೆ ಇಳಿಯಿರಿ

ಪ್ಯಾರಿಸ್‌ಗೆ ಹೋಗುವವರು ಲೂವ್ರ್‌ಗೆ ಅಂತ ಅರ್ಧ ದಿನ ತೆಗೆದಿಡುತ್ತಾರೆ. ಒಳಗೆ ಕಾಲಿಟ್ಟವರೇ ಮೋನಾಲಿಸಾ ಕಡೆ ಓಡುತ್ತಾರೆ, ಫೋಟೊ ತೆಗೆದು ಸುಸ್ತಾಗಿ ಹೊರಗೆ ಬರುತ್ತಾರೆ. ನಾನೂ ಅಮ್ಮನೂ ಹಾಗೆ ಮಾಡಲಿಲ್ಲ. ಲೂವ್ರ್ ಮ್ಯೂಸಿಯಂ ಆಗಿದ್ದು 1793ರಲ್ಲಿ. ಅದಕ್ಕೆ ಮೊದಲು ಆರುನೂರು ವರ್ಷ ಅದು ಮೊದಲು ಕೋಟೆ, ಆಮೇಲೆ ಅರಮನೆ. ಮೊದಲು ಆ ಮನೆ ನೋಡಿ, ಚಿತ್ರಗಳನ್ನು ಆಮೇಲೆ ನೋಡಿ. ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ.

ಟಿಕೆಟ್ ವಿಷಯ ಮೊದಲು ಮುಗಿಸಿಬಿಡ್ತೀನಿ. ಮಂಗಳವಾರ ರಜೆ. ಬುಧವಾರ ಮತ್ತು ಶುಕ್ರವಾರ ರಾತ್ರಿ 9ರವರೆಗೆ ತೆರೆದಿರುತ್ತದೆ, ಉಳಿದ ದಿನ ಸಂಜೆ 6ಕ್ಕೆ ಬಾಗಿಲು. 2026ರ ಜನವರಿಯಿಂದ ಯುರೋಪಿನ ಹೊರಗಿನಿಂದ ಬರುವ ನಮ್ಮಂಥವರಿಗೆ 32 ಯೂರೋ. 18 ತುಂಬದ ಮಕ್ಕಳಿಗೆ ಉಚಿತ. ಸಮಯ ಗೊತ್ತುಮಾಡಿಕೊಂಡು ಮ್ಯೂಸಿಯಂನ ಸ್ವಂತ ವೆಬ್‌ಸೈಟ್‌ನಲ್ಲೇ ಕೊಳ್ಳಿ. ನಾನು ಅವಸರದಲ್ಲಿ ಬೇರೆ ಯಾವುದೋ ಸೈಟ್‌ನಲ್ಲಿ ಕೊಂಡು ಸುಮ್ನೆ ಜಾಸ್ತಿ ದುಡ್ಡು ಕೊಟ್ಟೆ. ದೊಡ್ಡ ಸೂಟ್‌ಕೇಸ್ ಒಳಗೆ ಬಿಡುವುದಿಲ್ಲ. ಒಮ್ಮೆ ಹೊರಗೆ ಬಂದರೆ ಅದೇ ಟಿಕೆಟ್‌ನಲ್ಲಿ ಮತ್ತೆ ಹೋಗುವಂತಿಲ್ಲ, ಹಾಗಾಗಿ ಹೊಟ್ಟೆ ತುಂಬಿಸಿಕೊಂಡೇ ಹೋಗಿ. ಮೆಟ್ರೊದ 1 ಅಥವಾ 7ನೇ ಲೈನ್ ಹಿಡಿದು ಪಾಲೆ ರೊಯಾಲ್ ನಿಲ್ದಾಣದಲ್ಲಿ ಇಳಿದರೆ ಸಾಕು.

ಮಂಡಿ ನೋವಿರುವ ಹಿರಿಯರು ಜೊತೆಗಿದ್ದರೆ ಹೆದರಬೇಡಿ. ಗಾಲಿಕುರ್ಚಿ, ಮಡಚುವ ಸ್ಟೂಲ್ ಎರಡನ್ನೂ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಅಮ್ಮ ಸ್ಟೂಲ್ ತೆಗೆದುಕೊಂಡರು. ಎಲ್ಲಿ ಬೇಕೋ ಅಲ್ಲಿ ಕೂತು ನೋಡಿದರು. ಅವರಷ್ಟು ನಿಧಾನವಾಗಿ ನೋಡಿದ್ದರಿಂದಲೇ ನನಗೂ ಎಷ್ಟೋ ಕಾಣಿಸಿತು.

ನಾವು ಹೋಗಿದ್ದು ಬುಧವಾರ ಮಧ್ಯಾಹ್ನ 3ಕ್ಕೆ. ಒಳಗೆ ಹೋಗುವ ಬಾಗಿಲಾದ ಗಾಜಿನ ಪಿರಮಿಡ್ ಕೆಳಗೆ ಅರಮನೆಯ ಮೂರು ಭಾಗಗಳಿಗೆ ಮೂರು ದಾರಿ ಒಡೆಯುತ್ತವೆ: ಸುಲ್ಲಿ, ಡೆನೋನ್, ರಿಶಲ್ಯೂ. ಸುಲ್ಲಿ ಹಿಡಿದು ಕೆಳಗಿಳಿಯಿರಿ. ಅಲ್ಲಿ ಹಳೇ ಕೋಟೆಯ ಕಂದಕವೇ ಇದೆ. 1190ರ ಹೊತ್ತಿಗೆ ಫಿಲಿಪ್ ಆಗಸ್ಟ್ ಅನ್ನುವ ದೊರೆ ಕಟ್ಟಿಸಿದ ಕೋಟೆ ಅದು. ಮೇಲೆ ಅರಮನೆ ಬೆಳೆದ ಮೇಲೆ ಬುಡ ಮಣ್ಣಿನಡಿ ಹೋಗಿತ್ತು. 1980ರ ದಶಕದಲ್ಲಿ, ಪಿರಮಿಡ್ ಕಟ್ಟುವ ಮೊದಲು, ಅಗೆದು ತೆಗೆದರು. ಗೋಡೆಯ ಪಕ್ಕದಲ್ಲೇ ನಡೆದು ಹೋಗಬಹುದು. ಕಲ್ಲುಗಳನ್ನು ಹತ್ತಿರದಿಂದ ನೋಡಿ. ಕೆಲವದರ ಮೇಲೆ ಹೃದಯದ ಗುರುತು ಕೆತ್ತಿದೆ. ಕಲ್ಲುಕುಟಿಗರು ತಮ್ಮ ಕೆಲಸಕ್ಕೆ ಹಾಕಿಕೊಂಡ ಗುರುತು ಅದು. ಅಷ್ಟು ದೊಡ್ಡ ಅರಮನೆಯಲ್ಲಿ ನನ್ನ ಮನಸ್ಸು ಮೊದಲು ನಿಂತಿದ್ದು ಅಲ್ಲಿ. ದೊರೆಯ ಹೆಸರು ಎಲ್ಲರೂ ಬರೆದಿಟ್ಟರು, ಈ ಕೈಯವರದ್ದು ಇದೊಂದೇ ಉಳಿದಿದೆ.

ಅಲ್ಲಿಂದ ಮೇಲೆ ಬಂದರೆ ಕ್ಯಾರಿಯಾಟಿಡ್ ಸಭಾಂಗಣ. ಕಂಬಗಳ ಬದಲು ನಾಲ್ಕು ಕಲ್ಲಿನ ಹೆಂಗಸರು ಮೇಲಿನ ಅಟ್ಟಣಿಗೆ ಹೊತ್ತು ನಿಂತಿದ್ದಾರೆ. 1550ರ ಕೆಲಸ. 1658ರಲ್ಲಿ ಫ್ರಾನ್ಸಿನ ಹೆಸರಾಂತ ನಾಟಕಕಾರ ಮೋಲಿಯೆರ್ ದೊರೆ 14ನೇ ಲೂಯಿಯ ಮುಂದೆ ಮೊದಲ ಸಲ ನಾಟಕ ಆಡಿದ್ದು ಇದೇ ಸಭಾಂಗಣದಲ್ಲಿ. ಜನ ಇಲ್ಲಿ ಬರೀ ಗ್ರೀಕ್ ವಿಗ್ರಹ ನೋಡಿಕೊಂಡು ಮುಂದೆ ಹೋಗುತ್ತಾರೆ. ನೀವು ಸ್ವಲ್ಪ ನಿಲ್ಲಿ.

ಮೋನಾಲಿಸಾ ಬಿಡಿ ಅನ್ನುತ್ತಿಲ್ಲ. ಅವಳನ್ನು ಸಂಜೆ 7ರ ಮೇಲೆ ನೋಡಿ, ನಾವು ಹೋದಾಗ ಗುಂಪು ಕರಗಿತ್ತು. ಚಿತ್ರ 77 ಸೆಂಟಿಮೀಟರ್ ಎತ್ತರ, 53 ಅಗಲ ಅಷ್ಟೇ, ಅದೂ ಗಾಜಿನ ಹಿಂದೆ. ನೋಡಿ ಆದಮೇಲೆ ಹಿಂದಕ್ಕೆ ತಿರುಗಿ. ಎದುರು ಗೋಡೆ ತುಂಬ ಇಟಲಿಯ ಚಿತ್ರಕಾರ ವೆರೊನೇಸೆ ಬರೆದ, ಬೈಬಲ್ ಕತೆಯ ‘ಕಾನಾದ ಮದುವೆ’ ಇದೆ, ಸುಮಾರು 10 ಮೀಟರ್ ಅಗಲ. ವೆನಿಸ್‌ನ ಮಠವೊಂದರ ಊಟದ ಮನೆಗೆ ಬರೆದಿದ್ದು, 1797ರಲ್ಲಿ ನೆಪೋಲಿಯನ್ ಸೈನ್ಯ ಎತ್ತಿಕೊಂಡು ಬಂತು. ಅಮ್ಮ ಅದರ ಮುಂದೆ ಸ್ಟೂಲ್ ಹಾಕಿಕೊಂಡು ಕೂತವರು ಇಪ್ಪತ್ತು ನಿಮಿಷ ಏಳಲಿಲ್ಲ. ಬಡಿಸುವವರು, ವಾದ್ಯದವರು, ನಾಯಿಗಳು, ಒಬ್ಬೊಬ್ಬರನ್ನೇ ಹುಡುಕಿ ತೋರಿಸಿದರು. ‘ಮದುವೆ ಮನೆ ಅಂದ್ರೆ ಹೀಗಿರಬೇಕು ಕಣೋ’ ಅಂದರು.

ಕೊನೆಯ ಒಂದು ಗಂಟೆ ರಿಶಲ್ಯೂ ಕಡೆಗೆ ಇಟ್ಟುಕೊಳ್ಳಿ. ಮೊದಲ ಮಹಡಿಯಲ್ಲಿ 19ನೇ ಶತಮಾನದ ಚಕ್ರವರ್ತಿ 3ನೇ ನೆಪೋಲಿಯನ್ ಕಾಲದ ಕೋಣೆಗಳಿವೆ. ಕೆಂಪು ಮಖಮಲ್ಲು, ಚಿನ್ನದ ಲೇಪ, ದೊಡ್ಡ ದೊಡ್ಡ ತೂಗುದೀಪಗಳು. ಅರಮನೆ ಅಂದಕೂಡಲೇ ನಾವು ನೆನೆಸಿಕೊಳ್ಳುವುದೆಲ್ಲ ಇಲ್ಲಿದೆ. ಆದರೆ ಕಟ್ಟಿದ್ದು ಅವನ ಮಂತ್ರಿಗೆ, ಆಮೇಲೆ 1989ರವರೆಗೆ ಹಣಕಾಸು ಇಲಾಖೆಯವರು ಇದ್ದರು! ಕೆಲವು ಕೋಣೆಗಳನ್ನು ಕೆಲವು ದಿನ ಮುಚ್ಚಿರುತ್ತಾರೆ, ಹೊರಡುವ ಮೊದಲು ವೆಬ್‌ಸೈಟ್ ನೋಡಿಕೊಳ್ಳಿ.

ನೆಲ ಅಂತಸ್ತಿಗೆ ಇಳಿದರೆ ಖೋರ್ಸಾಬಾದ್ ಅಂಗಳ. ಈಗಿನ ಇರಾಕ್ ಕಡೆಯ ಪ್ರಾಚೀನ ರಾಜ್ಯ ಅಸ್ಸೀರಿಯಾದ ದೊರೆ 2ನೇ ಸರ್ಗೋನನ ಅರಮನೆ ಬಾಗಿಲು ಕಾಯುತ್ತಿದ್ದ ರೆಕ್ಕೆಯ ಗೂಳಿಗಳು ಇಲ್ಲಿವೆ. ಮುಖ ಮನುಷ್ಯರದ್ದು, ಎತ್ತರ ನಾಲ್ಕು ಮೀಟರ್‌ಗೂ ಜಾಸ್ತಿ. ಅಮ್ಮ ಸುತ್ತ ಒಂದು ಸಲ ಬಂದು, ‘ಇದಕ್ಕೆ ಐದು ಕಾಲಿದೆ ನೋಡೋ’ ಅಂದರು. ನಿಜ. ಎದುರಿನಿಂದ ನೋಡಿದರೆ ನಿಂತಿದೆ, ಪಕ್ಕದಿಂದ ನೋಡಿದರೆ ನಡೆಯುತ್ತಿದೆ. ಎರಡೂ ಸರಿಯಾಗಿ ಕಾಣಲಿ ಅಂತ ಒಂದು ಕಾಲು ಜಾಸ್ತಿ ಕೆತ್ತಿದ್ದಾರೆ. ಮುಚ್ಚಲು ಅರ್ಧ ಗಂಟೆ ಇರುವಾಗಲೇ ಕೋಣೆಗಳನ್ನು ಖಾಲಿ ಮಾಡಿಸುತ್ತಾರೆ, ಅದು ಲೆಕ್ಕದಲ್ಲಿರಲಿ. ಎಂಟೂವರೆಗೆ ಕಾವಲಿನವರು ಬಂದಾಗ ಅಮ್ಮ ಇನ್ನೂ ಎರಡನೇ ಗೂಳಿಯ ಕಾಲು ಎಣಿಸುತ್ತಿದ್ದರು.