ಹಾನ್ಲೆಗೆ ಹೊರಡುವ ಮುನ್ನ ಪಂಚಾಂಗ ನೋಡಿ

ಲಡಾಖ್ ಎಂದೊಡನೆ ಎಲ್ಲರೂ ಮೊದಲು ವಿಮಾನದ ದರ ನೋಡುತ್ತಾರೆ. ಲಡಾಖಿನ ಗಡಿಯಂಚಿನ ಹಳ್ಳಿ ಹಾನ್ಲೆಯ ನಕ್ಷತ್ರಭರಿತ ಇರುಳು ನೋಡಬೇಕೆಂಬ ಆಸೆಯಿದ್ದರೆ ಮೊದಲು ನೋಡಬೇಕಾದದ್ದು ಅಮಾವಾಸ್ಯೆ ಯಾವಾಗ ಎಂಬುದನ್ನು. ಹುಣ್ಣಿಮೆಯ ಆಸುಪಾಸಿನಲ್ಲಿ ಹೋದರೆ ಬೆಳದಿಂಗಳಲ್ಲಿ ಬೆಟ್ಟಗಳು ಚೆಂದ ಕಾಣುತ್ತವೆ, ಆದರೆ ಆಕಾಶಗಂಗೆ ಮಸುಕಾಗಿಬಿಡುತ್ತದೆ. ನಾನು ಆರಿಸಿಕೊಂಡದ್ದು ಮಹಾಲಯ ಅಮಾವಾಸ್ಯೆ. ಮಳೆಗಾಲದ ಮೋಡ ಸರಿದಿರುತ್ತದೆ, ರಸ್ತೆಗಳು ಹಿಮದಿಂದ ಮುಚ್ಚಿರುವುದಿಲ್ಲ, ಬೆನ್ನಿಗೇ ದಸರಾ ರಜೆ. ಪಿತೃಪಕ್ಷದಲ್ಲಿ ಎಂಥ ಪ್ರವಾಸ ಎಂದು ಮನೆಯ ಹಿರಿಯರು ಗೊಣಗಿದರು. ಎಡೆ ಇಡುವ ಕೆಲಸವನ್ನು ತಮ್ಮನಿಗೆ ಒಪ್ಪಿಸಿ ಹೊರಟೆ.

ಲೇಹ್‌ನಿಂದ ಹಾನ್ಲೆಗೆ ಸುಮಾರು 250 ಕಿ.ಮೀ. ಉಪ್ಶಿ, ಚುಮಾಥಾಂಗ್, ಮಾಹೆ, ನ್ಯೋಮಾ ಹಾದು ಲೋಮಾದಲ್ಲಿ ಸಿಂಧೂ ನದಿ ದಾಟಬೇಕು. ಇಡೀ ಹಗಲಿನ ಪ್ರಯಾಣ. ಗಡಿ ಪ್ರದೇಶವಾದ್ದರಿಂದ ಪರ್ಮಿಟ್ಟಿನ ಈಗಿನ ನಿಯಮವನ್ನು ಹೊರಡುವ ಮುನ್ನ ವಿಚಾರಿಸಿಕೊಳ್ಳಿ, ಬೇಕಾದ ಕಾಗದಗಳ ನಾಲ್ಕಾರು ಪ್ರತಿಗಳು ಕೈಯಲ್ಲಿರಲಿ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಒಯ್ಯಿರಿ. ಪೆಟ್ರೋಲ್ ಮತ್ತು ನಗದು ಎರಡನ್ನೂ ಲೇಹ್‌ನಲ್ಲೇ ತುಂಬಿಸಿಕೊಳ್ಳಿ.

ಅವಸರ ಮಾಡಲೇಬಾರದ ವಿಷಯ ಎತ್ತರದ್ದು. ಲೇಹ್ 3,500 ಮೀಟರ್, ಹಾನ್ಲೆ 4,300ರ ಹತ್ತಿರ. ಲೇಹ್‌ನಲ್ಲಿ ಕನಿಷ್ಠ ಎರಡು ದಿನ ಸುಮ್ಮನೆ ಬಿದ್ದುಕೊಂಡಿರಿ; ಮೂರಾದರೆ ಇನ್ನೂ ಒಳ್ಳೆಯದು. ಎತ್ತರದ ಕಾಯಿಲೆಗೆ ತೆಗೆದುಕೊಳ್ಳುವ ಮಾತ್ರೆಯ ವಿಚಾರ ಹೊರಡುವ ಮುನ್ನವೇ ವೈದ್ಯರ ಬಳಿ ಮಾತಾಡಿ. ತಲೆನೋವಿನ ಜೊತೆ ವಾಂತಿ, ತೂರಾಡುವ ನಡಿಗೆ ಕಂಡರೆ ನಕ್ಷತ್ರ ಬಿಟ್ಟು ಕೆಳಗಿಳಿಯಿರಿ. ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿದಿರುವುದಿಲ್ಲ: ಆಮ್ಲಜನಕ ಕಡಿಮೆಯಾದರೆ ಕತ್ತಲಲ್ಲಿ ಕಣ್ಣಿನ ಶಕ್ತಿಯೂ ಕುಗ್ಗುತ್ತದೆ. ಏದುಸಿರಿನಲ್ಲಿ ತಲುಪಿದವರಿಗೆ ಅದೇ ಆಕಾಶದಲ್ಲಿ ನಕ್ಷತ್ರಗಳು ಕಡಿಮೆಯೇ!

ಹಾನ್ಲೆಗೂ ನಮಗೂ ಹಳೆಯ ನಂಟಿದೆ. ಊರ ಪಕ್ಕದ ಬೆಟ್ಟದ ಮೇಲೆ 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ವ್ಯಾಸದ, ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನ ಹಿಮಾಲಯನ್ ಚಂದ್ರ ದೂರದರ್ಶಕ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. 2000ದಿಂದ ಅದು ಆಕಾಶ ನೋಡುತ್ತಿದೆ, ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಹೊಸಕೋಟೆಯಿಂದ. ಬೆಳಗಿನ ಜಾವದ ಬಿರಿಯಾನಿಗೆ ಹೊಸಕೋಟೆಗೆ ಹೋಗುವವರಿಗೆ ಅದೇ ಹೊತ್ತಿನಲ್ಲಿ ಅಲ್ಲಿ ಯಾರೋ ಹಿಮಾಲಯದ ಆಕಾಶ ತಡಕುತ್ತಿರುತ್ತಾರೆಂಬುದು ಗೊತ್ತಿರಲಾರದು. ದೂರದರ್ಶಕವಿರುವ ಬೆಟ್ಟಕ್ಕೆ ಹಗಲಲ್ಲಿ ಹೋಗಿಬನ್ನಿ. ರಾತ್ರಿಯ ನೋಟಕ್ಕೆ ಊರಿನ ಹೋಮ್‌ಸ್ಟೇಗಳೇ ಸರಿ. 2022ರಲ್ಲಿ ಈ ಪ್ರದೇಶವನ್ನು ಡಾರ್ಕ್ ಸ್ಕೈ ರಿಸರ್ವ್, ಅಂದರೆ ಇರುಳಿನ ಕತ್ತಲನ್ನು ಕಾಪಾಡುವ ತಾಣ, ಎಂದು ಘೋಷಿಸಿದ ಮೇಲೆ ಸ್ಥಳೀಯರಿಗೆ ತರಬೇತಿ ಕೊಟ್ಟು ದೂರದರ್ಶಕಗಳನ್ನೂ ಒದಗಿಸಿದ್ದಾರೆ. ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಶುಲ್ಕ ಕೊಟ್ಟು ಒಂದು ಗಂಟೆ ಅವರ ಜೊತೆ ಕಳೆಯಿರಿ.

ಊಟ ಬೇಗ ಮುಗಿಸಿ ಎಂಟು ಗಂಟೆಗೆಲ್ಲ ಹೊರಗಿರಬೇಕು. ಸೆಪ್ಟೆಂಬರ್ ಕೊನೆಯಲ್ಲಿ ಆಕಾಶಗಂಗೆಯ ದಟ್ಟ ನಡುಭಾಗ, ಧನು ರಾಶಿಯ ಕಡೆಯದು, ನೈಋತ್ಯದಲ್ಲಿ ಇಳಿಯುತ್ತಿರುತ್ತದೆ, ಹೆಚ್ಚು ಹೊತ್ತು ಸಿಗುವುದಿಲ್ಲ. ಮೊದಲ ಕೆಲವು ನಿಮಿಷ ನನಗೆ ಗೊಂದಲವೇ ಆಯಿತು. ಬೆಂಗಳೂರಿನ ಮಾಳಿಗೆಯಿಂದ ಅಭಿಜಿತ್, ಶ್ರವಣ ಎಂದು ಬೆರಳು ತೋರಿಸುವವನಿಗೆ ಇಲ್ಲಿ ಅವೇ ಸಿಗಲಿಲ್ಲ. ಸಣ್ಣ ನಕ್ಷತ್ರಗಳ ಸಂತೆಯಲ್ಲಿ ದೊಡ್ಡವು ಕಳೆದುಹೋಗಿದ್ದವು. ಧ್ರುವ ನಕ್ಷತ್ರವನ್ನೂ ಅಭ್ಯಾಸಬಲದಿಂದ ಕೆಳಗೆ ಹುಡುಕಿದೆ. ಬೆಂಗಳೂರಿನಲ್ಲಿ ಅದು ದಿಗಂತದಿಂದ 13 ಡಿಗ್ರಿ ಮೇಲೆ, ಹಾನ್ಲೆಯಲ್ಲಿ 33ರ ಹತ್ತಿರ. ನಡುರಾತ್ರಿಯ ಹೊತ್ತಿಗೆ ದೇವಯಾನಿ (ಆಂಡ್ರೊಮೀಡಾ) ಗೆಲಾಕ್ಸಿ ನೆತ್ತಿಗೆ ಬಂದಿತ್ತು. ನೇರ ದಿಟ್ಟಿಸಿದರೆ ಮಸುಕಾಗುತ್ತದೆ, ತುಸು ಪಕ್ಕಕ್ಕೆ ನೋಡಿದರೆ ಬೂದಿ ಬೆರಳಿನಿಂದ ಸವರಿದ ಗುರುತಿನಂತೆ ಮೂಡುತ್ತದೆ. ಆ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷಗಳಾಗಿವೆ.

ಛಾಯಾಚಿತ್ರಗಳ ನೇರಳೆ, ಕೇಸರಿ ಬಣ್ಣಗಳನ್ನು ನಿರೀಕ್ಷಿಸಿ ಹೋಗಬೇಡಿ. ಬರಿಗಣ್ಣಿಗೆ ಆಕಾಶಗಂಗೆ ಬೂದು ಬಣ್ಣದ್ದೇ, ನಡುನಡುವೆ ಕಪ್ಪು ಸೀಳುಗಳು. ಆ ಸೀಳುಗಳೇ ನನಗೆ ಹೆಚ್ಚು ಹಿಡಿಸಿದವು. ಅವು ಖಾಲಿ ಜಾಗವಲ್ಲ, ಹಿಂದಿನ ಬೆಳಕನ್ನು ಮರೆಮಾಡಿದ ಧೂಳು. ಮತ್ತೆ ನಸುಕಿಗೆ ಎರಡು ತಾಸು ಮೊದಲು ಎದ್ದರೆ ಪೂರ್ವದಲ್ಲಿ ಗೋಪುರದಂತೆ ನಿಂತ ಮಸುಕು ಬೆಳಕು ಕಾಣುತ್ತದೆ. ಅದು ಅರುಣೋದಯವಲ್ಲ, ಗ್ರಹಗಳ ನಡುವಿನ ಧೂಳಿನ ಮೇಲೆ ಬಿದ್ದ ಬಿಸಿಲು.

ಕಣ್ಣು ಕತ್ತಲಿಗೆ ಒಗ್ಗಲು ಅರ್ಧ ಗಂಟೆ ಬೇಕು, ಕೆಡಲು ಒಂದು ಮೊಬೈಲ್ ಸಾಕು. ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಕೋಣೆಯ ಪರದೆ ಎಳೆಯಿರಿ, ವಾಹನದ ದೀಪ ಹಾಕಬೇಡಿ. ನಾವಿದ್ದ ರಾತ್ರಿ ಒಂದು ತಂಡದವರು ಹೆಡ್‌ಲೈಟ್ ಬೆಳಗಿಸಿ ರೀಲ್ ಮಾಡಿದರು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು, ಆದರೆ ಆ ಎತ್ತರದಲ್ಲಿ ಬೈಯಲೂ ಉಸಿರು ಸಾಲದು. ಕ್ಯಾಮೆರಾ ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ, ಹೆಚ್ಚಿನದನ್ನು ಒಳಜೇಬಿನಲ್ಲಿಡಿ. ಒಬ್ಬರೇ ಕತ್ತಲಲ್ಲಿ ದೂರ ನಡೆಯಬೇಡಿ, ಅಲ್ಲಿನ ಬೀದಿನಾಯಿಗಳು ಗುಂಪುಗುಂಪಾಗಿ ತಿರುಗುತ್ತವೆ.

ಒಂದೇ ರಾತ್ರಿಗೆಂದು ಅಷ್ಟು ದೂರ ಹೋಗಬೇಡಿ, ಮೋಡ ಬಂದರೆ ಎಲ್ಲ ವ್ಯರ್ಥ. ಎರಡು ರಾತ್ರಿ ಇಟ್ಟುಕೊಳ್ಳಿ. ನಡುವಿನ ಹಗಲಿನಲ್ಲಿ ಚಾಲಕರು ಉಮ್ಲಿಂಗ್ ಲಾಗೆ ಕರೆಯುತ್ತಾರೆ. 5,800 ಮೀಟರ್ ಎತ್ತರದ ಆ ಕಣಿವೆದಾರಿಯನ್ನು ನಿದ್ದೆಗೆಟ್ಟ ಮೈಯಲ್ಲಿ ಏರುವ ಬದಲು ಹದಿನೇಳನೇ ಶತಮಾನದ ಹಾನ್ಲೆ ಬೌದ್ಧ ಮಠ ನೋಡಿ, ಮಧ್ಯಾಹ್ನ ಮಲಗಿ ಎನ್ನುವುದು ನನ್ನ ಸಲಹೆ. ಲೇಹ್‌ನ ವಿಮಾನಗಳು ಹವಾಮಾನ ಕೆಟ್ಟರೆ ರದ್ದಾಗುತ್ತವೆ. ಹಿಂತಿರುಗುವಾಗ ಅಲ್ಲೊಂದು ದಿನ ಕೈಯಲ್ಲಿ ಉಳಿಸಿಕೊಂಡೇ ದೆಹಲಿಯಿಂದ ಬೆಂಗಳೂರಿನ ಟಿಕೆಟ್ ಕಾಯ್ದಿರಿಸಿ.